ಗಾಜಿನ ಲೋಟ, ಹುಣಸೆ ಬೀಜ, ಒಂದು ಮಗು: ಕಲಿಕೆಯ ಸಿದ್ಧಾಂತಗಳನ್ನು ಮಾಡಿ ನೋಡಿ ಕಲಿಯುವುದು ಹೇಗೆ

ಟಿಇಟಿಗೆ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಗೆ, ಓದುತ್ತಿರುವವರ ನೋಟ್ಸ್ ತೆಗೆದು ನೋಡಿ. ಶಿಶು ವಿಕಸನದ ಪುಟಗಳಲ್ಲೇ ಪೆನ್ನಿನ ಗೆರೆ ಜಾಸ್ತಿ. ಮಕ್ಕಳ ಬೆಳವಣಿಗೆ ಬಗ್ಗೆ ಮನಶ್ಶಾಸ್ತ್ರಜ್ಞರು ಹೇಳಿದ ಹಂತಗಳು: ಪಿಯಾಜೆ ನಾಲ್ಕು ಹಂತ, ಎರಿಕ್ಸನ್ ಎಂಟು ಹಂತ, ಕೋಲ್‌ಬರ್ಗ್ ಆರು ಹಂತ. ರಾತ್ರಿಯೆಲ್ಲ ಕೂತು ಬಾಯಿಪಾಠ ಮಾಡುತ್ತಾರೆ. ಒಂದು ವಾರ ಕಳೆಯುವುದರೊಳಗೆ ಎಲ್ಲ ಕಲಸುಮೇಲೋಗರ. ಎರಿಕ್ಸನ್ ಹಂತಕ್ಕೆ ಪಿಯಾಜೆ ವಯಸ್ಸು ಹೋಗಿ ಅಂಟಿಕೊಂಡಿರುತ್ತದೆ.

ನಾನೂ ಹೀಗೇ ಓದಿದವಳು. ಡಿ.ಎಡ್. ಪರೀಕ್ಷೆಯಲ್ಲಿ ಒಳ್ಳೆ ಅಂಕ ಬಂತು. ಶಾಲೆಗೆ ಸೇರಿ ಒಂದನೇ ಕ್ಲಾಸಿನ ಮಕ್ಕಳ ಮಧ್ಯೆ ಕೂತಾಗ ಅದರಲ್ಲಿ ಒಂದು ಸಾಲೂ ಕೈಗೆ ಸಿಗಲಿಲ್ಲ. ಪಿಯಾಜೆ ನನಗೆ ಅರ್ಥವಾಗಿದ್ದು ಅದಾಗಿ ಮೂರು ವರ್ಷದ ಮೇಲೆ, ತವರಿನ ಅಡುಗೆಮನೆಯಲ್ಲಿ, ಅಣ್ಣನ ಮಗಳ ಮುಂದೆ ಎರಡು ಲೋಟ ನೀರು ಇಟ್ಟಾಗ. ಅವತ್ತಿನಿಂದ ನನ್ನ ಹತ್ತಿರ ಕೇಳಿಕೊಂಡು ಬರುವವರಿಗೆ ನಾನು ಹೇಳುವುದು ಒಂದೇ. ಮೊದಲು ಮಗುವಿನ ಜೊತೆ ಮಾಡಿ ನೋಡಿ, ಪುಸ್ತಕ ಆಮೇಲೆ ತೆಗೆಯಿರಿ. ಮಗು ಕೊಡುವ ತಪ್ಪು ಉತ್ತರವನ್ನು ಜೋಪಾನವಾಗಿ ಬರೆದಿಟ್ಟುಕೊಳ್ಳಿ.

ಪಿಯಾಜೆ ಶುರು ಮಾಡಿದ್ದೂ ಹಾಗೇ. 1896ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಈತ 1920ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಮಕ್ಕಳಿಗೆ ಬುದ್ಧಿ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದ್ದರು. ಸರಿ ಉತ್ತರಕ್ಕೆ ಅಂಕ ಹಾಕುವುದಷ್ಟೇ ಕೆಲಸ. ಆದರೆ ಒಂದೇ ವಯಸ್ಸಿನ ಮಕ್ಕಳು ಒಂದೇ ಥರದ ತಪ್ಪು ಮಾಡುತ್ತಿದ್ದದ್ದು ಅವರ ಕಣ್ಣಿಗೆ ಬಿತ್ತು. ಚಿಕ್ಕ ಮಕ್ಕಳು ನಮಗಿಂತ ಕಡಿಮೆ ಯೋಚಿಸುತ್ತಾರೆ ಎಂದುಕೊಂಡಿದ್ದ ಕಾಲ ಅದು. ಇಲ್ಲ, ಅವರು ಯೋಚಿಸುವ ರೀತಿಯೇ ಬೇರೆ ಅಂತ ಅವರಿಗೆ ಹೊಳೆದದ್ದು ಆ ತಪ್ಪುಗಳಿಂದಲೇ.

ಮೊದಲ ಹೆಜ್ಜೆ: ಒಂದು ನೋಟ್‌ಬುಕ್, ಅರ್ಧ ಗಂಟೆ, ಸುಮ್ನೆ ನೋಡುವುದು

ನಲವತ್ತು ಪುಟದ ಒಂದು ನೋಟ್‌ಬುಕ್ ಸಾಕು. ಮನೆಯಲ್ಲೋ ಅಕ್ಕಪಕ್ಕದಲ್ಲೋ ಅಂಗನವಾಡಿಯಲ್ಲೋ ನಾಲ್ಕರಿಂದ ಎಂಟು ವರ್ಷದೊಳಗಿನ ಒಂದು ಮಗು ಇದ್ದೇ ಇರುತ್ತದೆ. ಮನೆಯವರನ್ನು ಕೇಳಿ ಒಪ್ಪಿಗೆ ತೆಗೆದುಕೊಳ್ಳಿ. ಮಗು ಆಡುವಾಗ ಅರ್ಧ ಗಂಟೆ ಪಕ್ಕದಲ್ಲಿ ಕೂತಿರಿ.

ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಬರೆಯಿರಿ. "ಚುರುಕಾಗಿದ್ದಾನೆ", "ಹಠಮಾರಿ" ಅಂತ ಬರೆದರೆ ನಾಳೆ ಅದರಿಂದ ಏನೂ ಸಿಗುವುದಿಲ್ಲ. "ಡಬ್ಬದ ಮುಚ್ಚಳ ಮೂರು ಸಲ ಉಲ್ಟಾ ಹಾಕಿದ, ನಾಲ್ಕನೇ ಸಲ ತಿರುಗಿಸಿ ನೋಡಿ ಸರಿಯಾಗಿ ಹಾಕಿದ" ಅಂತ ಬರೆದರೆ ಅದರಲ್ಲೇ ಥಾರ್ನ್‌ಡೈಕ್ ಹೇಳಿದ ಪ್ರಯತ್ನ ಮತ್ತು ಪ್ರಮಾದ ಕಲಿಕೆ ಕೂತಿರುತ್ತದೆ. 1898ರಲ್ಲಿ ಈ ಮನಶ್ಶಾಸ್ತ್ರಜ್ಞ ಬೆಕ್ಕನ್ನು ಪೆಟ್ಟಿಗೆಯೊಳಗೆ ಬಿಟ್ಟು, ಅದು ಹೊರಬರುವ ದಾರಿ ಹುಡುಕುವುದನ್ನು ನೋಡಿದ್ದನ್ನೇ ನೀವು ಜಗಲಿಯ ಮೇಲೆ ಕೂತು ನೋಡಿದಂತಾಯಿತು.

ಮಾತುಗಳನ್ನು ಮಗು ಆಡಿದ ಹಾಗೇ ಬರೆಯಿರಿ, ತಿದ್ದಬೇಡಿ. ಮೂರು ನಾಲ್ಕು ವರ್ಷದ ಮಕ್ಕಳು "ನಾನು ಅವನಿಗೆ ಕೊಡಿದೆ", "ಪಾಪು ಬೀಳಿತು" ಅನ್ನುವುದನ್ನು ಕೇಳಿಸಿಕೊಳ್ಳಿ. ದೊಡ್ಡವರು ಯಾರೂ "ಕೊಡಿದೆ" ಅನ್ನುವುದಿಲ್ಲ. ಮತ್ತೆ ಇದು ಎಲ್ಲಿಂದ ಬಂತು? "ನೋಡು, ನೋಡಿದೆ", "ಮಾಡು, ಮಾಡಿದೆ" ಅನ್ನುವ ನಿಯಮವನ್ನು ಮಗು ಯಾರೂ ಹೇಳಿಕೊಡದೆ ತಾನೇ ಹುಡುಕಿಕೊಂಡಿದೆ. ಅದನ್ನು "ಕೊಡು"ಗೂ ಹಚ್ಚಿದೆ. ಬರೀ ಕೇಳಿ ಅನುಕರಣೆ ಮಾಡಿ, ಶಹಬ್ಬಾಸ್‌ಗಿರಿ ಪಡೆದು ಮಕ್ಕಳು ಭಾಷೆ ಕಲಿಯುವುದಾದರೆ ಈ ಮಾತು ಹುಟ್ಟಲು ಸಾಧ್ಯವೇ ಇಲ್ಲ. 1959ರಲ್ಲಿ ನೋಮ್ ಚಾಮ್‌ಸ್ಕಿ ಎಂಬ ಭಾಷಾವಿಜ್ಞಾನಿ, ಭಾಷೆಯನ್ನೂ ಹೀಗೆ ಅಭ್ಯಾಸದಿಂದಲೇ ಕಲಿಯುತ್ತೇವೆ ಎಂದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಜೊತೆ ತೆಗೆದ ತಕರಾರಿನ ತಿರುಳು ಇದೇ. ನಿಮ್ಮ ನೋಟ್‌ಬುಕ್ಕಿನಲ್ಲಿ "ಕೊಡಿದೆ" ಅಂತ ಒಂದು ಸಾಲಿದ್ದರೆ ಆ ವಾದ ಮರೆತುಹೋಗುವ ಮಾತೇ ಇಲ್ಲ.

ಎರಡನೇ ಹೆಜ್ಜೆ: ಲೋಟ ಮತ್ತು ಹುಣಸೆ ಬೀಜ

ಇದಕ್ಕೆ ಸಮಯ ಕೊಡಿ. ಪಿಯಾಜೆ ಅವರ ಅರ್ಧ ಭಾಗ ಇಲ್ಲೇ ಇದೆ.

ಒಂದೇ ಅಳತೆಯ ಎರಡು ಗಾಜಿನ ಲೋಟ, ಉದ್ದಕ್ಕೆ ಸಪೂರ ಇರುವ ಒಂದು ಜ್ಯೂಸ್ ಗ್ಲಾಸ್ ತೆಗೆದುಕೊಳ್ಳಿ. ಸ್ಟೀಲ್ ಲೋಟ ಬೇಡ, ನೀರಿನ ಮಟ್ಟ ಹೊರಗಿನಿಂದ ಕಾಣಬೇಕು. ನೀರಿಗೆ ಚಿಟಿಕೆ ಅರಿಶಿನ ಹಾಕಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಎರಡು ಲೋಟಕ್ಕೂ ಸಮ ನೀರು ಹಾಕಿ. "ಎರಡರಲ್ಲೂ ಒಂದೇ ಅಷ್ಟು ಇದೆಯಾ?" ಅಂತ ಕೇಳಿ. ಮಗು "ಹೂಂ" ಅನ್ನುವವರೆಗೂ ಹನಿ ಹನಿ ಹಾಕಿ ಸಮ ಮಾಡಿ. ಆಮೇಲೆ ಮಗು ನೋಡುತ್ತಿರುವಾಗಲೇ ಒಂದು ಲೋಟದ ನೀರನ್ನು ಸಪೂರ ಗ್ಲಾಸಿಗೆ ಸುರಿಯಿರಿ. ಈಗ ಕೇಳಿ: "ಯಾವುದರಲ್ಲಿ ಜಾಸ್ತಿ ಇದೆ, ಇಲ್ಲ ಎರಡೂ ಒಂದೇನಾ?"

ನನ್ನ ಸೊಸೆ ಪುಟ್ಟಿಗೆ ಆಗ ಐದು ವರ್ಷ. ಸಪೂರ ಗ್ಲಾಸಿನ ಮೇಲೆ ಬೆರಳಿಟ್ಟಳು. "ಇದ್ರಲ್ಲಿ ಜಾಸ್ತಿ."

"ಯಾಕೆ ಪುಟ್ಟಿ?"

"ಇಲ್ಲಿವರ್ಗೂ ಬಂದಿದೆ ನೋಡು ಅತ್ತೆ."

"ನಾನೇನಾದ್ರೂ ನೀರು ಸೇರಿಸಿದ್ನಾ?"

"ಇಲ್ಲ."

"ಮತ್ತೆ?"

ಅವಳು ಗ್ಲಾಸನ್ನೇ ನೋಡಿದಳು. ನನ್ನ ಮುಖ ನೋಡಿದಳು. "ಅದೇ ಜಾಸ್ತಿ ಆಗೋಯ್ತು" ಅಂದಳು. ನಾನು ನೀರನ್ನು ವಾಪಸ್ ಹಳೇ ಲೋಟಕ್ಕೆ ಸುರಿದೆ. "ಈಗ ಒಂದೇ ಆಯ್ತು" ಅಂತ ನಕ್ಕಳು. ಅವಳಿಗೆ ಅದರಲ್ಲಿ ಏನೂ ತೊಡಕು ಕಾಣಲಿಲ್ಲ.

ಇಲ್ಲಿ ಎರಡು ಎಚ್ಚರ ಇರಲಿ. ತಿದ್ದಬೇಡಿ. "ಅಯ್ಯೋ, ಅದೇ ನೀರು ಅಲ್ವಾ?" ಅಂದರೆ ಮಗು ನಿಮ್ಮ ಮುಖ ನೋಡಿ ಉತ್ತರ ಬದಲಿಸುತ್ತದೆ. ಆಮೇಲೆ ನೀವು ಬರೆದುಕೊಳ್ಳುವುದು ನಿಮ್ಮದೇ ಉತ್ತರವಾಗಿರುತ್ತದೆ. ಇನ್ನೊಂದು, "ಯಾಕೆ" ಅಂತ ಕೇಳುವುದನ್ನು ಮರೆಯಬೇಡಿ. ಬೆಲೆ ಇರುವುದು ಮಗು ಹೇಳುವ ಕಾರಣಕ್ಕೆ.

ಈಗ ಪುಸ್ತಕ ತೆಗೆಯಿರಿ. ಪುಟ್ಟಿ ಎತ್ತರವೊಂದನ್ನೇ ನೋಡಿದಳು, ಅಗಲವನ್ನು ನೋಡಲಿಲ್ಲ. ಪುಸ್ತಕದಲ್ಲಿ ಇದಕ್ಕೆ ಏಕಕೇಂದ್ರೀಕರಣ ಎನ್ನುತ್ತಾರೆ. ನೀರನ್ನು ವಾಪಸ್ ಸುರಿದರೆ ಮೊದಲಿನಂತೆಯೇ ಆಗುತ್ತದೆ ಎನ್ನುವುದನ್ನು ಮನಸ್ಸಿನಲ್ಲೇ ಮಾಡಿ ನೋಡಲು ಅವಳಿಗೆ ಆಗಲಿಲ್ಲ. ಅದು ಹಿಮ್ಮುಖತೆಯ ಕೊರತೆ. ಆಕಾರ ಬದಲಾದರೂ ಪ್ರಮಾಣ ಅಷ್ಟೇ ಇರುತ್ತದೆ ಎನ್ನುವ ತಿಳಿವಳಿಕೆಗೆ ಸಂರಕ್ಷಣೆ ಎಂದು ಹೆಸರು. ಎರಡರಿಂದ ಏಳು ವರ್ಷದ ಕಾರ್ಯಪೂರ್ವ ಹಂತದಲ್ಲಿ ಇದು ಇನ್ನೂ ಬಂದಿರುವುದಿಲ್ಲ. ಏಳರಿಂದ ಹನ್ನೊಂದರ ಮೂರ್ತ ಕಾರ್ಯ ಹಂತದಲ್ಲಿ ಬರುತ್ತದೆ. ಹಿಂದಿನದು ಹುಟ್ಟಿದಾಗಿನಿಂದ ಎರಡು ವರ್ಷದವರೆಗಿನ ಸಂವೇದನಾ ಚಾಲಕ ಹಂತ. ಮುಂದಿನದು ಹನ್ನೊಂದರ ನಂತರದ ಔಪಚಾರಿಕ ಕಾರ್ಯ ಹಂತ. ಒಂದು ಲೋಟ ನೀರಿಗೆ ಇಷ್ಟೆಲ್ಲ ಅಂಟಿಕೊಳ್ಳುತ್ತದೆ.

ಮರುದಿನ ಹುಣಸೆ ಬೀಜ ತೆಗೆದುಕೊಳ್ಳಿ. ಆರು ಬೀಜದ ಎರಡು ಸಾಲು, ಎದುರು ಬದುರು ಜೋಡಿಸಿ. ಸಮ ಇದೆ ಅಂತ ಮಗು ಒಪ್ಪಿದ ಮೇಲೆ ಒಂದು ಸಾಲನ್ನು ದೂರ ದೂರ ಹರಡಿ. ಮತ್ತೆ ಕೇಳಿ. ನೀರಿನಲ್ಲಿ ತಪ್ಪಿದ ಮಗು ಬೀಜದಲ್ಲಿ ಸರಿ ಹೇಳಬಹುದು. ಗಾಬರಿ ಬೇಡ. ಸಂಖ್ಯೆಯ ಸಂರಕ್ಷಣೆ ಮೊದಲು ಬರುತ್ತದೆ, ತೂಕದ್ದು ತಡವಾಗಿ, ಘನಗಾತ್ರದ್ದು ಇನ್ನೂ ತಡವಾಗಿ. ಹಂತ ಎನ್ನುವುದು ಹುಟ್ಟುಹಬ್ಬದ ದಿನ ಬಾಗಿಲು ತೆರೆದ ಹಾಗೆ ಬರುವುದಿಲ್ಲ.

ಮೂರನೇ ದಿನ ಒಂದು ಬದಲಾವಣೆ ಮಾಡಿ. ಬೀಜದ ಸಾಲನ್ನು ನೀವೇ ಹರಡುವ ಬದಲು ಒಂದು ಗೊಂಬೆಯ ಕೈಯಲ್ಲಿ ಕೆಡಿಸಿ. "ಅಯ್ಯೋ, ಈ ತುಂಟ ಕರಡಿ ನೋಡು, ಸಾಲೆಲ್ಲ ಕೆಡಿಸಿಬಿಟ್ಟಿತು!" ಅನ್ನಿ. ಆಮೇಲೆ ಅದೇ ಪ್ರಶ್ನೆ ಕೇಳಿ. 1970ರ ದಶಕದಲ್ಲಿ ಸ್ಕಾಟ್ಲೆಂಡಿನಲ್ಲಿ ಜೇಮ್ಸ್ ಮೆಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಹೀಗೆ ಮಾಡಿ ನೋಡಿದರು. ನಾಲ್ಕರಿಂದ ಆರು ವರ್ಷದ ಮಕ್ಕಳಲ್ಲಿ "ಒಂದೇ" ಅಂದವರು ತುಂಬಾ ಜಾಸ್ತಿಯಾದರು. ದೊಡ್ಡವರು ಬೇಕಂತಲೇ ಏನೋ ಬದಲಿಸಿ, ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರೆ "ನನ್ನ ಮೊದಲ ಉತ್ತರ ತಪ್ಪಿರಬೇಕು" ಅಂತ ಮಗು ಅಂದುಕೊಳ್ಳುತ್ತದೆ. ಕ್ಲಾಸಿನಲ್ಲೂ ಹೀಗೇ ಅಲ್ವಾ? "ಮತ್ತೊಮ್ಮೆ ಹೇಳು" ಅಂದ ತಕ್ಷಣ ಸರಿ ಉತ್ತರ ಕೊಟ್ಟ ಮಗುವೂ ಬದಲಿಸಿಬಿಡುತ್ತದೆ. ಪಿಯಾಜೆ ವಯಸ್ಸುಗಳನ್ನು ಗಟ್ಟಿ ಗೋಡೆ ಅಂತ ತಿಳಿಯಬಾರದು ಅನ್ನುವುದಕ್ಕೆ ನಿಮ್ಮ ಕೈಯಲ್ಲೇ ಈಗ ಸಾಕ್ಷಿ ಇದೆ.

ಆರು ತಿಂಗಳಿಗೊಮ್ಮೆ ಅದೇ ಮಗುವಿಗೆ ಅದೇ ಲೋಟ ಇಡಿ. ಪುಟ್ಟಿಗೆ ಏಳು ತುಂಬಿದ ಬೇಸಿಗೆ ರಜೆಯಲ್ಲಿ ಕೇಳಿದಾಗ ಅವಳು ಲೋಟದ ಕಡೆ ಸರಿಯಾಗಿ ನೋಡಲೂ ಇಲ್ಲ. "ಅದೇ ನೀರು ತಾನೇ ಅತ್ತೆ? ಇದು ಸಣ್ಣಗಿದೆ, ಅದಕ್ಕೆ ಮೇಲೆ ಹೋಗಿದೆ." ಹಿಂದೆ ನೀನೇ ಬೇರೆ ಹೇಳಿದ್ದೆ ಅಂದರೆ ಅವಳು ನಂಬಲೇ ಇಲ್ಲ.

ಪಿಯಾಜೆಯಲ್ಲಿ ಇನ್ನು ಉಳಿದದ್ದು ಎರಡು ಪದ. ಹಸು ಕಂಡು "ಅಂಬಾ" ಕಲಿತ ಮಗು ಎಮ್ಮೆಯನ್ನೂ "ಅಂಬಾ" ಅಂದರೆ ಹೊಸದನ್ನು ಹಳೇ ಗೂಡಿಗೆ ಹಾಕಿಕೊಂಡಿತು. ಇದು ಸ್ವಾಂಗೀಕರಣ. "ಅದು ಎಮ್ಮೆ, ಕಪ್ಪಗಿದೆ, ಕೊಂಬು ನೋಡು" ಅಂದಾಗ ಹೊಸ ಗೂಡು ಕಟ್ಟಿದರೆ ಹೊಂದಾಣಿಕೆ. ಒಂದೊಂದು ಪುಸ್ತಕದಲ್ಲಿ ಈ ಪದಗಳಿಗೆ ಒಂದೊಂದು ಕನ್ನಡ ಇದೆ. ಹಸು, ಎಮ್ಮೆ ನೆನಪಿಟ್ಟುಕೊಂಡರೆ ಯಾವ ಪದ ಬಂದರೂ ಹೆದರಬೇಕಿಲ್ಲ.

ಮೂರನೇ ಹೆಜ್ಜೆ: "ಬೆಕ್ಕು" ಓದಿಸಿ

ಮನಶ್ಶಾಸ್ತ್ರಜ್ಞ ವೈಗೋಟ್ಸ್ಕಿ ಕೂಡ 1896ರಲ್ಲೇ ಹುಟ್ಟಿದವರು, ಈಗಿನ ಬೆಲಾರೂಸಿನ ಓರ್ಷಾದಲ್ಲಿ. ಕ್ಷಯರೋಗದಿಂದ 1934ರಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೇಳು ವರ್ಷ. ಮಗು ಒಂಟಿಯಾಗಿ ಏನು ಮಾಡಬಲ್ಲದು ಎನ್ನುವುದನ್ನಷ್ಟೇ ಅಳೆದರೆ ಅರ್ಧ ಮಾತ್ರ ತಿಳಿಯುತ್ತದೆ, ಸ್ವಲ್ಪ ಸಹಾಯ ಸಿಕ್ಕರೆ ಏನು ಮಾಡಬಲ್ಲದು ಎನ್ನುವುದನ್ನೂ ನೋಡಿ ಅಂದರು. ಈ ಎರಡರ ನಡುವಿನ ಜಾಗಕ್ಕೆ ಸಮೀಪಸ್ಥ ವಿಕಾಸ ವಲಯ ಎಂದು ಹೆಸರು. ಹೆಸರು ಬಾಯಿಗೆ ಭಾರ, ವಿಷಯ ಹಗುರ.

ಎರಡನೇ ಕ್ಲಾಸಿನ ಒಂದು ಮಗುವನ್ನು ಕೂರಿಸಿಕೊಂಡು "ಬೆಕ್ಕು" ಅಂತ ಬರೆದು ಓದಿಸಿ. ತಡವರಿಸುವ ಮಗು "ಬೆಕು" ಅನ್ನುತ್ತದೆ, ಇಲ್ಲವೇ "ಬೆಕುಕ" ಅನ್ನುತ್ತದೆ. "ಬೆಕುಕ" ಅಂದರೆ ಬೈಯಬೇಡಿ. ಆ ಮಗು ಕಂಡದ್ದನ್ನು ಕಂಡ ಕ್ರಮದಲ್ಲೇ ಓದಿದೆ. ಕೊಂಬು ಮೇಲಿನ ಕಕಾರಕ್ಕೆ ಅಂಟಿದೆ, ಒತ್ತು ಕೆಳಗಿದೆ. ಬರವಣಿಗೆಯಲ್ಲಿ ಕೊಂಬು ಮೊದಲು, ಉಚ್ಚಾರಣೆಯಲ್ಲಿ ಒತ್ತು ಮೊದಲು. ಕನ್ನಡ ಓದುವುದರಲ್ಲಿ ಮಕ್ಕಳು ಎಡವುವ ದೊಡ್ಡ ಕಲ್ಲು ಇದು. ನಮಗೆ ಅಭ್ಯಾಸವಾಗಿ ಕಲ್ಲೇ ಕಾಣುವುದಿಲ್ಲ.

ಈಗ ಸಹಾಯವನ್ನು ಸಣ್ಣದರಿಂದ ಶುರು ಮಾಡಿ. ಮೊದಲು ಸುಮ್ಮನೆ ಮನಸ್ಸಿನಲ್ಲಿ ಐದು ಎಣಿಸಿ, ಕಾಯಿರಿ. ಎಷ್ಟೋ ಮಕ್ಕಳು ಈ ಐದು ಎಣಿಕೆಯಲ್ಲೇ ತಿದ್ದಿಕೊಳ್ಳುತ್ತಾರೆ. ಆಗದಿದ್ದರೆ "ಕೆಳಗೆ ಏನೋ ಇದೆಯಲ್ಲ, ನೋಡಿದೆಯಾ?" ಅನ್ನಿ. ಅದಕ್ಕೂ ಬರದಿದ್ದರೆ ಬೆರಳಿನಿಂದ ಒತ್ತು ಮುಚ್ಚಿ "ಬೆಕು" ಓದಿಸಿ, ಬೆರಳು ತೆಗೆದು ಮತ್ತೆ ಓದಿಸಿ. ಆಮೇಲೆ "ಅಕ್ಕ" ಬರೆದು ತೋರಿಸಿ, "ಇದು ಗೊತ್ತಲ್ಲ, ಇದರ ಹಾಗೇ" ಅನ್ನಿ. ಕೊನೆಗೆ ನೀವೂ ಜೊತೆಗೆ ಓದಿ. ಎಷ್ಟನೇ ಸುಳಿವಿಗೆ ಮಗು ಓದಿತು ಅಂತ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ. ಮುಂದಿನ ವಾರ ಒಂದು ಸುಳಿವು ಕಡಿಮೆ ಬೇಕಾದರೆ ಮಗು ಮುಂದೆ ಹೋಗಿದೆ ಅಂತ ಅರ್ಥ. ಪರೀಕ್ಷೆಯಲ್ಲಿ ಎರಡು ಸಲವೂ ಸೊನ್ನೆ ಬಂದಿರಬಹುದು, ಆದರೆ ಮಗು ನಿಂತಲ್ಲೇ ನಿಂತಿಲ್ಲ. ಈ ಒಂದು ಗುರುತಿಗಾಗಿ ನಾನು ವೈಗೋಟ್ಸ್ಕಿಯನ್ನು ಮನಸಾರೆ ನೆನೆಯುತ್ತೇನೆ.

ಹೀಗೆ ಆಸರೆ ಕೊಟ್ಟು ನಿಧಾನಕ್ಕೆ ತೆಗೆಯುವುದಕ್ಕೆ ಇಂಗ್ಲಿಷಿನಲ್ಲಿ ಸ್ಕ್ಯಾಫೋಲ್ಡಿಂಗ್ ಎನ್ನುತ್ತಾರೆ. ಗಾರೆ ಕೆಲಸದವರು ಗೋಡೆ ಏಳುವಾಗ ಕಟ್ಟಿ, ಎದ್ದ ಮೇಲೆ ಬಿಚ್ಚುವ ಸಾರವೆ ಅದು. ಒಂದು ವಿಷಯ ಗಮನಿಸಿ, ಈ ಪದ ವೈಗೋಟ್ಸ್ಕಿಯದಲ್ಲ. 1976ರಲ್ಲಿ ವುಡ್, ಬ್ರೂನರ್ ಮತ್ತು ರಾಸ್ ಬಳಸಿದ್ದು. ವೈಗೋಟ್ಸ್ಕಿಯ ವಿಚಾರಕ್ಕೆ ಅದು ಹೊಂದುತ್ತದೆ, ಅಷ್ಟೇ.

ಸಾರವೆ ಹೇಗೆ ಬಿಚ್ಚುತ್ತಾರೆ ಅಂತ ನೋಡಬೇಕಾದರೆ ಹತ್ತಿರದ ಸರ್ಕಾರಿ ಶಾಲೆಯ ನಲಿಕಲಿ ಕೋಣೆಗೆ ಹೋಗಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ ಶುರು ಮಾಡಿದ ಪದ್ಧತಿ ಅದು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಾರ್ಡು ಹಿಡಿದು, ಕಲಿಕಾ ಏಣಿಯನ್ನು ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ. ಗುಂಪುಗಳನ್ನು ಗಮನಿಸಿ. ಶಿಕ್ಷಕರ ಪೂರ್ತಿ ಸಹಾಯದ ಗುಂಪು, ಅರ್ಧ ಸಹಾಯದ ಗುಂಪು, ಗೆಳೆಯರ ಸಹಾಯದ ಗುಂಪು, ಗೆಳೆಯರದ್ದೂ ಅರ್ಧ ಸಹಾಯದ ಗುಂಪು, ಕೊನೆಗೆ ತಾನೇ ಕಲಿಯುವ ಗುಂಪು. ಸಾರವೆಯ ಒಂದೊಂದೇ ಮರ ಬಿಚ್ಚಿದ ಹಾಗೆ. ಕೆಲವು ಕಡೆ ಈ ಗುಂಪುಗಳನ್ನು ಗುರುತಿಸುವ ತಟ್ಟೆಗಳು ಗೋಡೆಗೆ ಅಲಂಕಾರವಾಗಿ ಉಳಿದಿರುವುದೂ ಉಂಟು, ಅದು ನನಗೆ ಬೇಸರ. ಚೆನ್ನಾಗಿ ನಡೆಯುವ ಒಂದು ಕೋಣೆಯಲ್ಲಿ ಒಂದು ಬೆಳಿಗ್ಗೆ ಕೂತುಬಂದರೆ ವೈಗೋಟ್ಸ್ಕಿ ಅಧ್ಯಾಯ ಮುಗಿದ ಹಾಗೆ.

ಅಲ್ಲಿರುವಾಗ ಇನ್ನೊಂದನ್ನು ಕಿವಿಗೊಟ್ಟು ಕೇಳಿ. ಲೆಕ್ಕ ಮಾಡುವ ಮಕ್ಕಳು ತಮ್ಮಷ್ಟಕ್ಕೆ ಗುಣುಗುಟ್ಟುತ್ತಾರೆ. "ಏಳರಲ್ಲಿ ಒಂಬತ್ತು ಹೋಗಲ್ಲ, ಪಕ್ಕದ ಮನೆಯಿಂದ ಸಾಲ..." ಇದನ್ನು ಪಿಯಾಜೆ ಸ್ವಕೇಂದ್ರಿತ ಮಾತು ಅಂದರು, ಬೆಳೆಯುತ್ತಾ ಬಿಟ್ಟುಹೋಗುತ್ತದೆ ಅಂತ. ವೈಗೋಟ್ಸ್ಕಿ ಒಪ್ಪಲಿಲ್ಲ. ಆ ಮಾತು ಒಳಗೆ ಇಳಿದು ಯೋಚನೆಯಾಗುತ್ತದೆ ಅಂದರು. ನೀವು ಟೀಚರ್ ಆದಾಗ "ಬಾಯಿ ಮುಚ್ಚಿಕೊಂಡು ಲೆಕ್ಕ ಮಾಡಿ" ಅಂತ ದಯವಿಟ್ಟು ಗದರಬೇಡಿ. ಗುಣುಗಲಿ ಬಿಡಿ.

ನಾಲ್ಕನೇ ಹೆಜ್ಜೆ: ಅಳುವ ಮಗು, ಅಮ್ಮನ ಫೋನು

ಊಟದ ಜೊತೆ ಒಂದು ಸದ್ದು ಕೇಳಿ ಕೇಳಿ, ಕೊನೆಗೆ ಬರೀ ಸದ್ದಿಗೇ ಜೊಲ್ಲು ಸುರಿಸಿದ ಪಾವ್ಲೋವ್ ಅವರ ನಾಯಿ ಎಲ್ಲರಿಗೂ ಗೊತ್ತು. ಗೊಂದಲ ಬರುವುದು ಅನುಬಂಧಿತ, ಅನನುಬಂಧಿತ ಎನ್ನುವ ಪದಗಳಲ್ಲಿ. ನಿಮ್ಮದೇ ಒಂದು ಭಯ ತೆಗೆದುಕೊಂಡು ಬರೆದು ನೋಡಿ. ನಾನು ನನ್ನದು ಹೇಳುತ್ತೇನೆ. ಮೂರನೇ ಕ್ಲಾಸಿನಲ್ಲಿ ಮಗ್ಗಿ ತಪ್ಪಿದರೆ ಬೆರಳ ಗೆಣ್ಣಿಗೆ ಸ್ಕೇಲಿನ ಏಟು ಬೀಳುತ್ತಿತ್ತು. ಏಟಿಗೆ ನೋವು, ಭಯ ತಾನಾಗೇ ಬರುತ್ತದೆ, ಯಾರೂ ಕಲಿಸಬೇಕಿಲ್ಲ. ಅದು ಅನನುಬಂಧಿತ. ಏಟಿನ ಜೊತೆ ದಿನಾ ಏಳರ ಮಗ್ಗಿ ಬರುತ್ತಿತ್ತು. ಕೊನೆಗೆ ಮೇಷ್ಟ್ರು "ಏಳೊಂದ್ಲ" ಅಂದರೆ ಸಾಕು, ಏಟು ಬೀಳುವ ಮೊದಲೇ ಅಂಗೈ ಬೆವರುತ್ತಿತ್ತು. ಮಗ್ಗಿ ಅನುಬಂಧಿತ ಪ್ರಚೋದನೆ, ಬೆವರು ಅನುಬಂಧಿತ ಪ್ರತಿಕ್ರಿಯೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಗಣಿತ ಬರುವುದಿಲ್ಲ ಅನ್ನುವುದರ ಹಿಂದೆ ಇಂಥ ಒಂದು ಸ್ಕೇಲು ಇದೆ ಅಂತ ನಾನು ನಂಬಿದ್ದೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆ ಕಾಯ್ದೆ ಯಾಕೆ ಬೇಕಿತ್ತು ಅಂತ ಕೇಳಿದರೆ ನಾನು ಏಳರ ಮಗ್ಗಿ ಅನ್ನುತ್ತೇನೆ.

ಸ್ಕಿನ್ನರ್ ವಿಷಯಕ್ಕೆ ಎರಡೇ ಪ್ರಶ್ನೆ ಇಟ್ಟುಕೊಳ್ಳಿ. ಆ ವರ್ತನೆ ಜಾಸ್ತಿಯಾಯಿತೇ, ಕಡಿಮೆಯಾಯಿತೇ? ಏನನ್ನಾದರೂ ಕೊಟ್ಟರೇ, ತೆಗೆದರೇ? ಜಾಸ್ತಿಯಾದರೆ ಪುನರ್ಬಲನ, ಕಡಿಮೆಯಾದರೆ ಶಿಕ್ಷೆ. ಕೊಟ್ಟರೆ ಧನಾತ್ಮಕ, ತೆಗೆದರೆ ಋಣಾತ್ಮಕ. ಋಣಾತ್ಮಕ ಪುನರ್ಬಲನ ಅಂದರೆ ಶಿಕ್ಷೆ ಅಂತ ಬರೆದು ಅಂಕ ಕಳೆದುಕೊಳ್ಳುವವರು ತುಂಬಾ ಜನ.

ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಮಗು ಅಳುತ್ತದೆ. ಅಮ್ಮ ಫೋನ್ ಕೊಡುತ್ತಾರೆ. ಅಳು ನಿಲ್ಲುತ್ತದೆ. ಇದನ್ನು ಎರಡು ಕಡೆಯಿಂದ ನೋಡಿ. ಅತ್ತರೆ ಫೋನ್ ಸಿಗುತ್ತದೆ, ಹಾಗಾಗಿ ಮಗು ನಾಳೆ ಇನ್ನೂ ಜಾಸ್ತಿ ಅಳುತ್ತದೆ. ಕೊಟ್ಟು ಜಾಸ್ತಿಯಾದದ್ದು, ಧನಾತ್ಮಕ ಪುನರ್ಬಲನ. ಫೋನ್ ಕೊಟ್ಟರೆ ಅಳು ಎನ್ನುವ ಕಿರಿಕಿರಿ ಹೋಗುತ್ತದೆ, ಹಾಗಾಗಿ ಅಮ್ಮ ನಾಳೆ ಇನ್ನೂ ಬೇಗ ಕೊಡುತ್ತಾರೆ. ತೆಗೆದು ಜಾಸ್ತಿಯಾದದ್ದು, ಋಣಾತ್ಮಕ ಪುನರ್ಬಲನ. ಅಮ್ಮ ಮಗುವಿಗೆ ಅಭ್ಯಾಸ ಮಾಡಿಸಿದಷ್ಟೇ ಮಗುವೂ ಅಮ್ಮನಿಗೆ ಮಾಡಿಸಿದೆ. ಆ ತಾಯಿಯನ್ನು ದೂರಲು ನಾನು ಇದನ್ನು ಹೇಳುತ್ತಿಲ್ಲ. ದಣಿದ ಕೈಗೆ ಸಿಕ್ಕ ಆಸರೆ ಅದು.

ಬಹುಮಾನದ ಬಗ್ಗೆ ಒಂದು ಮಾತು. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅಮೆರಿಕದ ಒಂದು ನರ್ಸರಿಯಲ್ಲಿ, ಚಿತ್ರ ಬರೆಯುವುದನ್ನು ಇಷ್ಟಪಡುವ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ "ಬರೆದರೆ ಸರ್ಟಿಫಿಕೇಟ್ ಕೊಡುತ್ತೇವೆ" ಅಂದರು. ಆ ಮಕ್ಕಳು ಆಮೇಲೆ, ಬಹುಮಾನ ಇಲ್ಲದ ದಿನಗಳಲ್ಲಿ, ಉಳಿದವರಿಗಿಂತ ಕಡಿಮೆ ಚಿತ್ರ ಬರೆದರು. ಹೇಳದೆ ಕೇಳದೆ ಬಹುಮಾನ ಪಡೆದ ಮಕ್ಕಳಲ್ಲಿ ಹಾಗೆ ಆಗಲಿಲ್ಲ. ಮಗು ಆಗಲೇ ಖುಷಿಯಿಂದ ಮಾಡುತ್ತಿರುವ ಕೆಲಸಕ್ಕೆ ಚಾಕೊಲೇಟಿನ ಆಸೆ ಹಚ್ಚುವ ಮುನ್ನ ಇದನ್ನು ನೆನೆಸಿಕೊಳ್ಳಿ.

ಐದನೇ ಹೆಜ್ಜೆ: ರಂಗೋಲಿ

1961ರಲ್ಲಿ ಆಲ್ಬರ್ಟ್ ಬಂಡೂರ ಮತ್ತು ಜೊತೆಗಾರರು 72 ಪುಟ್ಟ ಮಕ್ಕಳ ಮೇಲೆ ಗೊಂಬೆ ಪ್ರಯೋಗ ಮಾಡಿದರು. ದೊಡ್ಡವರು ಗೊಂಬೆಗೆ ಹೊಡೆಯುವುದನ್ನು ನೋಡಿದ ಮಕ್ಕಳು ತಾವೂ ಹಾಗೇ ಹೊಡೆದರು. ನೋಡಿ ಕಲಿಯುವುದಕ್ಕೆ ಬಂಡೂರ ನಾಲ್ಕು ಮೆಟ್ಟಿಲು ಹೇಳಿದ್ದಾರೆ: ಗಮನ, ಧಾರಣ, ಪುನರುತ್ಪಾದನೆ, ಪ್ರೇರಣೆ. ಬೆಳಿಗ್ಗೆ ಅಮ್ಮ ಚುಕ್ಕಿ ರಂಗೋಲಿ ಹಾಕುವಾಗ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ ಹುಡುಗಿಯನ್ನು ನೋಡಿ. ಎಳೆ ಎಲ್ಲಿಂದ ತಿರುಗಿತು ಅಂತ ಗಮನಿಸುತ್ತಾಳೆ. ಏಳರಿಂದ ನಾಲ್ಕು, ಇಡುಕಲು ಚುಕ್ಕಿ ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾಳೆ. ಸಂಜೆ ಸ್ಲೇಟಿನ ಮೇಲೆ ತಾನೇ ಹಾಕುತ್ತಾಳೆ. ಹಬ್ಬದ ದಿನ ಅಂಗಳ ಸಿಗುತ್ತದೆ ಅನ್ನುವ ಆಸೆ ಅವಳನ್ನು ನಡೆಸುತ್ತದೆ. ನಾಲ್ಕೂ ಮೆಟ್ಟಿಲು ಅಲ್ಲೇ ಇವೆ.

ನೀವು ಬೋರ್ಡಿನ ಮೇಲೆ ತಪ್ಪು ಬರೆದಾಗ "ಓ, ಇಲ್ಲಿ ಕೈತಪ್ಪಿತು, ತಿದ್ದುತ್ತೇನೆ" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿ ತಿದ್ದಿ. ತಪ್ಪನ್ನು ಹೇಗೆ ಎದುರಿಸಬೇಕು ಎನ್ನುವುದನ್ನು ಮಕ್ಕಳು ನಿಮ್ಮ ಉಪದೇಶದಿಂದ ಕಲಿಯುವುದಕ್ಕಿಂತ ಅದರಿಂದ ಜಾಸ್ತಿ ಕಲಿಯುತ್ತಾರೆ.

ಆರನೇ ಹೆಜ್ಜೆ: ಉಳಿದವರು, ಒಬ್ಬೊಬ್ಬರಿಗೆ ಒಂದೊಂದು ಕೆಲಸ

ಬ್ರೂನರ್ ಹೇಳಿದ ಕಲಿಕೆಯ ಮೂರು ರೂಪಗಳಿಗೆ ಕಡ್ಡಿ ಕಟ್ಟು. ಹತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿಸಿ, ಇಪ್ಪತ್ಮೂರು ಜೋಡಿಸಲು ಹೇಳಿ. ಇದು ಕ್ರಿಯಾತ್ಮಕ. ಎರಡು ಕಟ್ಟು, ಮೂರು ಬಿಡಿ ಕಡ್ಡಿಯ ಚಿತ್ರ ಬರೆಸಿ. ಇದು ಬಿಂಬಾತ್ಮಕ. ಆಮೇಲೆ 23 ಅಂತ ಬರೆಸಿ. ಇದು ಸಾಂಕೇತಿಕ. ನೇರ 23ಕ್ಕೆ ಹಾರಿದರೆ ಮಗು ಇಪ್ಪತ್ಮೂರನ್ನು 203 ಅಂತ ಬರೆಯುವುದನ್ನು ನೀವು ಕಣ್ಣಾರೆ ಕಾಣುತ್ತೀರಿ. ಅದು ದಡ್ಡತನವೇನಲ್ಲ. "ಇಪ್ಪತ್ತು, ಮೂರು" ಅಂತ ಕೇಳಿಸಿದ್ದನ್ನು ಹಾಗೇ ಬರೆದಿದೆ.

ಎರಿಕ್ಸನ್ ಎಂಟು ಹಂತದಲ್ಲಿ ಪ್ರಾಥಮಿಕ ಶಾಲೆಗೆ ಬೇಕಾದದ್ದು ನಾಲ್ಕನೆಯದು, ಆರರಿಂದ ಹನ್ನೆರಡು ವರ್ಷದ್ದು. ಶ್ರಮಶೀಲತೆ, ಅದಿಲ್ಲದಿದ್ದರೆ ಕೀಳರಿಮೆ. ಓದಿನಲ್ಲಿ ಹಿಂದಿರುವ ಹುಡುಗನಿಗೆ ಗಿಡಕ್ಕೆ ನೀರು ಹಾಕುವ, ಹಾಜರಿ ಪುಸ್ತಕ ತಂದುಕೊಡುವ ನಿಜವಾದ ಜವಾಬ್ದಾರಿ ಕೊಟ್ಟು, ಒಂದು ತಿಂಗಳು ಅವನ ನಡಿಗೆ ನೋಡಿ.

ಕೋಲ್‌ಬರ್ಗ್ ಹೇಳಿದ ನೈತಿಕ ಯೋಚನೆಯ ಹಂತಗಳಿಗೆ ಒಂದು ಕಥೆ ಹೇಳಿ. ಹೆಂಡತಿಗೆ ಪ್ರಾಣಾಪಾಯ, ಔಷಧಕ್ಕೆ ದುಡ್ಡಿಲ್ಲ, ಅಂಗಡಿಯವನು ಕೊಡುತ್ತಿಲ್ಲ. ಆತ ಕದಿಯಬಹುದಾ? ಮಗು "ಹೌದು" ಅಂದರೂ "ಇಲ್ಲ" ಅಂದರೂ ಅದರಿಂದ ಹಂತ ತಿಳಿಯುವುದಿಲ್ಲ, ಕಾರಣದಿಂದ ತಿಳಿಯುತ್ತದೆ. "ಪೊಲೀಸ್ ಹಿಡೀತಾರೆ" ಅಂದರೆ ಮೊದಲ ಹಂತ. ಅವರ ಮೂಲ ಅಧ್ಯಯನದಲ್ಲಿ ಬರೀ ಹುಡುಗರೇ ಇದ್ದರು ಎಂದು ಮನಶ್ಶಾಸ್ತ್ರಜ್ಞೆ ಕ್ಯಾರಲ್ ಗಿಲಿಗನ್ 1982ರಲ್ಲಿ ಎತ್ತಿದ ಆಕ್ಷೇಪವನ್ನೂ ಜೊತೆಗೆ ಓದಿಕೊಳ್ಳಿ.

ಗಾರ್ಡ್‌ನರ್ 1983ರಲ್ಲಿ ಏಳು ಬಗೆಯ ಬುದ್ಧಿಶಕ್ತಿ ಹೇಳಿದರು, ಆಮೇಲೆ ನಿಸರ್ಗದ ಬುದ್ಧಿಯನ್ನೂ ಸೇರಿಸಿದರು. ಟಿಇಟಿಗೆ ಬೇಕು, ಓದಿ. ಆದರೆ "ಇವನು ನೋಡಿ ಕಲಿಯುವವನು, ಅವಳು ಕೇಳಿ ಕಲಿಯುವವಳು" ಅಂತ ಮಕ್ಕಳ ಹಣೆಗೆ ಚೀಟಿ ಅಂಟಿಸಬೇಡಿ. ಗಾರ್ಡ್‌ನರ್ ಹೇಳಿದ್ದೂ ಅದನ್ನಲ್ಲ. ಆ ಕಲಿಕಾ ಶೈಲಿಯ ಪ್ರಕಾರ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಅನ್ನುವುದಕ್ಕೆ ಸಾಕಷ್ಟು ಪುರಾವೆ ಇಲ್ಲ ಎಂದು 2008ರಲ್ಲಿ ಮನಶ್ಶಾಸ್ತ್ರಜ್ಞರ ಒಂದು ತಂಡ ಅಧ್ಯಯನಗಳನ್ನೆಲ್ಲ ಜಾಲಾಡಿ ಹೇಳಿದೆ.

ಏಳನೇ ಹೆಜ್ಜೆ: ನೋಟ್‌ಬುಕ್ಕಿನಿಂದ ಪರೀಕ್ಷೆಗೆ

ಟಿಇಟಿಯ ಒಂದು ಪತ್ರಿಕೆಗೆ 150 ಅಂಕ. ಅದರಲ್ಲಿ ಶಿಶು ವಿಕಸನಕ್ಕೆ 30. ಪರೀಕ್ಷೆಗೆ ಒಂದು ತಿಂಗಳು ಇರುವಾಗ ನೋಟ್‌ಬುಕ್ ಬಿಡಿಸಿ, ಪ್ರತಿ ಘಟನೆಯ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಸಿದ್ಧಾಂತಿಯ ಹೆಸರು, ಪದ, ವಯಸ್ಸು ಬರೆಯಿರಿ. "ಇಲ್ಲಿವರ್ಗೂ ಬಂದಿದೆ ನೋಡು ಅತ್ತೆ" ಪಕ್ಕ ಪಿಯಾಜೆ. "ಬೆಕುಕ" ಪಕ್ಕ ವೈಗೋಟ್ಸ್ಕಿ. ಪ್ರಶ್ನೆಗಳು ಈಗೀಗ ಸನ್ನಿವೇಶದ ರೂಪದಲ್ಲೇ ಜಾಸ್ತಿ ಬರುತ್ತವೆ. "ಒಬ್ಬ ಶಿಕ್ಷಕಿ ಹೀಗೆ ಮಾಡಿದರು, ಇದು ಯಾವುದಕ್ಕೆ ಉದಾಹರಣೆ?" ಅಂತ. ಸನ್ನಿವೇಶ ಓದಿದಾಗ ನಿಮ್ಮ ಮಗುವಿನ ಮುಖ ಮುಂದೆ ಬರಬೇಕು.

ನಂತರ ಹಳೇ ಪ್ರಶ್ನೆಪತ್ರಿಕೆ ಬಿಡಿಸಿ. ತಪ್ಪಾದ ಪ್ರತಿ ಪ್ರಶ್ನೆಯ ಮುಂದೆ "ನಾನು ಯಾಕೆ ಇದನ್ನು ಆರಿಸಿದೆ" ಅಂತ ಒಂದು ಸಾಲು ಬರೆಯಿರಿ. ಪುಟ್ಟಿಯನ್ನು ಕೇಳಿದ ಪ್ರಶ್ನೆಯನ್ನೇ ನಿಮಗೂ ಕೇಳಿಕೊಳ್ಳಿ. ಹತ್ತು ಪತ್ರಿಕೆ ಆದ ಮೇಲೆ ಆ ಸಾಲುಗಳನ್ನೆಲ್ಲ ಒಟ್ಟಿಗೆ ಓದಿದರೆ ನಿಮ್ಮ ತಪ್ಪುಗಳಲ್ಲೂ ಒಂದೇ ಥರದವು ನಾಲ್ಕೈದು ಗುಂಪು ಸಿಗುತ್ತವೆ. ಕೊನೆಯ ವಾರ ಆ ಗುಂಪುಗಳನ್ನು ಮಾತ್ರ ಓದಿ.